ಗೋವಿನಜೋಳದ ಚೀಲ, ಕಬ್ಬಿನ ಡಬ್ಬಿ: ಖಾನಾವಳಿಗೆ ಯಾವುದು ಆದೀತು?

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಕೂತು ಉಣ್ಣುವವರಿಗಿಂತ ಪಾರ್ಸೆಲ್ ಒಯ್ಯುವವರೇ ಜಾಸ್ತಿ. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಜೊತೆಗೆ ಚಹಾ. ಹೋದ ತಿಂಗಳು ಸೇಲ್ಸ್‌ನವರೊಬ್ಬರು ಬಂದು ಹಸಿರು ಚೀಲ, ಗಾಜಿನಂತೆ ಕಾಣುವ ಕಪ್, ಬಿಳಿ ಚಮಚ, ಮುಚ್ಚಳ ಇರುವ ಡಬ್ಬಿ ತೋರಿಸಿದರು. ಎಲ್ಲಾ ಗೋವಿನಜೋಳ ಮತ್ತು ಕಬ್ಬಿನಿಂದ ಮಾಡಿದ್ದು, ತಿಪ್ಪೆಗೆ ಹಾಕಿದರೆ ಮೂರೇ ತಿಂಗಳಲ್ಲಿ ಗೊಬ್ಬರ ಆಗುತ್ತದೆ, ನಗರಸಭೆಯವರ ದಂಡದ ಭಯವೂ ಇಲ್ಲ ಅಂದರು. ದರ ಮಾತ್ರ ಎರಡೂವರೆ ಪಟ್ಟು. ತಗೋಬಹುದಾ? ಪಿಯುಸಿ ಓದುತ್ತಿರುವ ಮಗಳದ್ದು ಇನ್ನೊಂದು ಪ್ರಶ್ನೆ: ಸುತ್ತಮುತ್ತ ಇಷ್ಟು ಸಕ್ಕರೆ ಕಾರ್ಖಾನೆ ಇವೆ, ನಮ್ಮ ಕಬ್ಬಿನಿಂದಲೇ ಇದನ್ನೆಲ್ಲಾ ಯಾಕೆ ಮಾಡುವುದಿಲ್ಲ?
(ಓದುಗರು, ಜಮಖಂಡಿ, ಬಾಗಲಕೋಟೆ ಜಿಲ್ಲೆ)

ಉತ್ತರ:

ಅಕ್ಕಾರೇ, ಪೂರ್ತಿ ಸೆಟ್ ತಗೋಬೇಡಿ. ಚೀಲ ತಗೋಬಹುದು, ಅದಕ್ಕೂ ಒಂದು ಷರತ್ತು ಇದೆ. ಡಬ್ಬಿ ಕಬ್ಬಿನ ಸಿಪ್ಪೆಯದಾದರೆ ತಗೊಳ್ಳಿ. ಆ ಕಪ್ಪಿಗೆ ಚಹಾ ಹಾಕಲೇಬೇಡಿ. ಚಮಚ ಬೇಕೇ ಇಲ್ಲ. ಪಾರ್ಸೆಲ್ ಒಯ್ದವರ ಮನೆಯಲ್ಲಿ ಚಮಚ ಇದ್ದೇ ಇರುತ್ತದೆ, ರೊಟ್ಟಿ ಉಣ್ಣುವವರಿಗೆ ಅದರ ಹಂಗೂ ಇಲ್ಲ.

ಯಾಕೆ ಅಂತ ಹೇಳುತ್ತೇನೆ.

ಆ ಸೇಲ್ಸ್‌ನವರು ಎರಡು ಬೇರೆ ಬೇರೆ ಮಾತನ್ನು ಒಂದೇ ಉಸಿರಿಗೆ ಹೇಳಿದ್ದಾರೆ. ಮಾಲು ಯಾವುದರಿಂದ ಆಗಿದೆ ಅನ್ನುವುದು ಒಂದು ಮಾತು. ಬಿಸಾಡಿದ ಮೇಲೆ ಅದು ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದು ಗೊತ್ತಾದ ಮಾತ್ರಕ್ಕೆ ಎರಡನೆಯದು ಗೊತ್ತಾಗುವುದಿಲ್ಲ. ಬ್ರೆಜಿಲ್‌ನ ಬ್ರಾಸ್ಕೆಂ ಕಂಪನಿ 2010ರಿಂದ ಕಬ್ಬಿನ ಎಥನಾಲ್ ಬಳಸಿ ಪಾಲಿಥಿನ್ ಮಾಡುತ್ತಿದೆ. ಬೆಳೆಯಿಂದ ಬಂದದ್ದು ಖರೆ. ಆದರೆ ಅದು ಪೆಟ್ರೋಲಿಯಂ ಪಾಲಿಥಿನ್‌ಗಿಂತ ಒಂದಿಷ್ಟೂ ಬೇರೆ ಅಲ್ಲ. ತಿಪ್ಪೆಯಲ್ಲಿ ಹೂತರೆ ನಿಮ್ಮ ಮೊಮ್ಮಕ್ಕಳು ಅಗೆದಾಗಲೂ ಸಿಗುತ್ತದೆ. ಇದಕ್ಕೆ ಉಲ್ಟಾ ಇನ್ನೊಂದು ಪ್ಲಾಸ್ಟಿಕ್ ಇದೆ, ಪಿಬಿಎಟಿ ಅಂತ. ಅದು ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ. ಆದರೂ ಸರಿಯಾಗಿ ಕಾದ ಗೊಬ್ಬರದ ರಾಶಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ.

ತಮಾಷೆ ಏನೆಂದರೆ, ನಿಮಗೆ ತೋರಿಸಿದ ಹಸಿರು ಚೀಲದಲ್ಲಿ ಹೆಚ್ಚಿನ ಪಾಲು ಈ ಪಿಬಿಎಟಿಯೇ ಇರುವ ಸಾಧ್ಯತೆ ಇದೆ. ಗೋವಿನಜೋಳದ ಪಿಷ್ಟವನ್ನೋ ಪಿಎಲ್‌ಎ ಅನ್ನುವ ಬೆಳೆಯ ಪ್ಲಾಸ್ಟಿಕ್ಕನ್ನೋ ಅದರ ಜೊತೆ ಬೆರೆಸಿರುತ್ತಾರೆ. ಬರೀ ಪಿಷ್ಟದಿಂದ ಚೀಲ ಮಾಡಿದರೆ ನೀರು ತಾಗಿದ ಕೂಡಲೇ ಮೆತ್ತಗಾಗುತ್ತದೆ. ಬರೀ ಪಿಎಲ್‌ಎಯಿಂದ ಮಾಡಿದರೆ ಮಡಚಿದಲ್ಲಿ ಪಟ್ಟನೆ ಸೀಳುತ್ತದೆ. ಚೀಲ ಚೀಲದಂತೆ ಬಾಗಬೇಕೆಂದರೆ ಪಿಬಿಎಟಿ ಬೇಕು. ಹಾಗಾಗಿ ಚೀಲದ ಮೇಲೆ ಜೋಳದ ತೆನೆಯ ಚಿತ್ರ ಇದೆ ಅಂತ ಮರುಳಾಗಬೇಡಿ.

ಮೂರನೇ ಜಾತಿಯದೊಂದಿದೆ, ಅದರಿಂದ ದೂರ ಇರಿ. ಸಾದಾ ಪಾಲಿಥಿನ್‌ಗೆ ಒಂದು ರಾಸಾಯನಿಕ ಸೇರಿಸಿ, ಬಿಸಿಲಿಗೆ ಪುಡಿಪುಡಿಯಾಗುವಂತೆ ಮಾಡಿರುತ್ತಾರೆ. ಆಕ್ಸೋ ಡಿಗ್ರೇಡಬಲ್ ಅಂತ ಕರೆಯುತ್ತಾರೆ. ಕಣ್ಣಿಗೆ ಕಾಣದ ಹಾಗೆ ಚೂರಾಗುತ್ತದೆ, ಮಣ್ಣಲ್ಲಿ ಹಾಗೇ ಉಳಿಯುತ್ತದೆ. ಯುರೋಪ್ ಒಕ್ಕೂಟ 2021ರ ಜುಲೈಯಿಂದ ಅದರ ಮಾರಾಟವನ್ನೇ ನಿಲ್ಲಿಸಿದೆ.

ಈಗ ಆ ಗಾಜಿನಂಥ ಕಪ್ಪಿನ ಕಥೆ. ಅದು ಪಿಎಲ್‌ಎ, ಅಂದರೆ ಪಾಲಿಲ್ಯಾಕ್ಟಿಕ್ ಆಸಿಡ್. ನಿಮ್ಮ ಮಗಳಿಗೆ ಇದು ಇಷ್ಟವಾದೀತು. ಗೋವಿನಜೋಳದ ಪಿಷ್ಟವನ್ನು ಮೊದಲು ಸಕ್ಕರೆ ಮಾಡುತ್ತಾರೆ. ಕಬ್ಬಾದರೆ ಆ ಕೆಲಸ ಇಲ್ಲ, ಸಕ್ಕರೆ ಹೇಗೂ ಇದೆ. ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಅವು ಲ್ಯಾಕ್ಟಿಕ್ ಆಮ್ಲ ಕೊಡುತ್ತವೆ. ನಿಮ್ಮ ಖಾನಾವಳಿಯ ಮೊಸರನ್ನು ಹುಳಿ ಮಾಡುವುದೂ ಇದೇ ಆಮ್ಲ. ಅದನ್ನು ಶುದ್ಧ ಮಾಡಿ, ನೀರು ತೆಗೆದು, ಎರಡೆರಡು ಅಣುಗಳನ್ನು ಉಂಗುರದ ಹಾಗೆ ಜೋಡಿಸುತ್ತಾರೆ. ಆಮೇಲೆ ಆ ಉಂಗುರಗಳನ್ನು ಬಿಡಿಸಿ ಉದ್ದನೆಯ ಸರಪಳಿ ಮಾಡಿದರೆ ಪಿಎಲ್‌ಎ. ಒಂದು ಕೆಜಿ ಪಿಎಲ್‌ಎಗೆ ಸುಮಾರು 1.6 ಕೆಜಿ ಸಕ್ಕರೆ ಬೇಕು. ಈ ಲೆಕ್ಕ ನೆನಪಿರಲಿ, ಮಗಳ ಪ್ರಶ್ನೆಗೆ ಬರುವಾಗ ಬೇಕಾಗುತ್ತದೆ.

ಪಿಎಲ್‌ಎ ನೋಡಲು ಚಂದ, ಹೊಳಪು, ಗಟ್ಟಿ. ಆದರೆ 55ರಿಂದ 60 ಡಿಗ್ರಿಗೆ ಮೆತ್ತಗಾಗಲು ಶುರು. ಒಲೆಯಿಂದ ಇಳಿಸಿ ಕಪ್ಪಿಗೆ ಬಗ್ಗಿಸಿದ ಚಹಾ ಸಲೀಸಾಗಿ 75-80 ಡಿಗ್ರಿ ಇರುತ್ತದೆ. ಏನಾಗುತ್ತದೆ ಅಂತ ಒಂದು ಕಪ್ ಹಾಳು ಮಾಡಿಯೇ ನೋಡಿ, ತಟ್ಟೆಯೊಳಗಿಟ್ಟು ಮಾಡಿ. ಕಪ್ ಒಡೆಯುವುದಿಲ್ಲ, ಸೋರುವುದೂ ಇಲ್ಲ. ಮೊದಲು ತಳ ಸ್ವಲ್ಪ ಉಬ್ಬಿ ಕಪ್ ಒಂದು ಕಡೆ ವಾಲುತ್ತದೆ. ಬೆರಳಿಟ್ಟಲ್ಲಿ ಗೋಡೆ ಒಳಗೆ ಹೋಗುತ್ತದೆ. ಬಾಯಿ ದುಂಡಗಿದ್ದದ್ದು ಉದ್ದುದ್ದ ಆಗುತ್ತದೆ. ಹಿಡಿದವರ ಕೈಮೇಲೆ ಚಹಾ ಚೆಲ್ಲುವುದು ಆಗಲೇ. ಅದೇ ಕಪ್ಪಿಗೆ ಮಜ್ಜಿಗೆ, ಲಸ್ಸಿ, ಕಬ್ಬಿನ ಹಾಲು ಹಾಕಿ, ಏನೂ ಆಗುವುದಿಲ್ಲ. ತಣ್ಣನೆಯದಕ್ಕೆ ಅದು ಒಳ್ಳೆಯ ಕಪ್ಪೇ.

ಬಿಸಿಲಿನ ಮಾತೂ ಇದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ವಿಜಯಪುರದಿಂದ ಟೆಂಪೋದಲ್ಲಿ ತರಿಸಿದ ಕಪ್ಪಿನ ಬಾಕ್ಸು ಬಿಚ್ಚಿದಾಗ ಎಲ್ಲವೂ ಒಂದಕ್ಕೊಂದು ಅಂಟಿ, ಸೊಟ್ಟಗಾಗಿ ಬಂದರೆ ಕಂಪನಿಯನ್ನು ಬೈದು ಉಪಯೋಗ ಇಲ್ಲ. ಪತ್ರಾಸಿನ ಕೋಣೆಯಲ್ಲಿ ಬೇಸಿಗೆಯ ಸ್ಟಾಕ್ ಇಡಬೇಡಿ. ಬಿಳಿ ಚಮಚ ಮಾತ್ರ ಸ್ವಲ್ಪ ಬೇರೆ ತರಹ. ಅದೇ ಪಿಎಲ್‌ಎಯನ್ನು ಕಾಯಿಸಿ ಹರಳುಗಟ್ಟಿಸಿ ಮಾಡಿರುತ್ತಾರೆ, 85 ಡಿಗ್ರಿಯ ಆಸುಪಾಸು ತಡೆಯುತ್ತದೆ. ಅದಕ್ಕೇ ಪಾರದರ್ಶಕ ಇರುವುದಿಲ್ಲ.

ಚಹಾಕ್ಕೆ ಏನು ಮಾಡಬೇಕು ಹಾಗಾದರೆ? ಅಂಗಡಿಯಲ್ಲೇ ಕುಡಿಯುವವರಿಗೆ ಗಾಜಿನ ಗ್ಲಾಸು. ಒಯ್ಯುವವರಿಗೆ ಅವರದೇ ಥರ್ಮಾಸು. ಕಾಗದದ ಕಪ್ ಅಂತೀರೇನೋ, ಅದರ ಒಳಗೂ ತೆಳ್ಳಗೆ ಪಾಲಿಥಿನ್ ಪದರ ಇರುತ್ತದೆ. ಇಲ್ಲದಿದ್ದರೆ ಕಾಗದ ಚಹಾ ಹಿಡಿದಿಡುವುದು ಹೇಗೆ?

ತಿಪ್ಪೆಗೆ ಬರೋಣ. ಜಗಳ ಎಲ್ಲಾ ಇರುವುದು ಇಲ್ಲೇ.

ಕಾಂಪೋಸ್ಟೇಬಲ್, ಅಂದರೆ ಕೊಳೆತು ಗೊಬ್ಬರ ಆಗುವಂಥದ್ದು ಅಂತ ಸರ್ಟಿಫಿಕೇಟ್ ಕೊಡುವಾಗ ಒಂದು ಪರೀಕ್ಷೆ ಇದೆ. ನಮ್ಮ ದೇಶದಲ್ಲಿ ಐಎಸ್/ಐಎಸ್ಒ 17088 ಅನ್ನುವ ಮಾನದಂಡ. ಸುಮಾರು 58 ಡಿಗ್ರಿ ಬಿಸಿ ಇರುವ, ಹದವಾಗಿ ತೇವ ಮತ್ತು ಗಾಳಿ ಇರುವ ಗೊಬ್ಬರದಲ್ಲಿ 180 ದಿನದೊಳಗೆ ಆ ವಸ್ತುವಿನ ಇಂಗಾಲದ 90 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಬೇಕು. ಬಿಸಿ 58, ದಿನ 180. ಮೂರು ತಿಂಗಳು ಅಂತ ಅವರು ಹೇಳಿದ್ದು ಎಲ್ಲಾ ಅನುಕೂಲವೂ ಕೂಡಿ ಬಂದಾಗಿನ ಮಾತು.

ನಿಮ್ಮ ಹಿತ್ತಲ ತಿಪ್ಪೆ ಅಷ್ಟು ಕಾಯುತ್ತದಾ? ಸಗಣಿ, ಮುಸುರೆ, ಕಸ ದಿನಾ ಒಂದೊಂದು ಬುಟ್ಟಿ ಸುರಿಯುತ್ತಾ ಹೋದರೆ ಕಾಯುವುದಿಲ್ಲ. ಮೇಲಿನ ಅರ್ಧ ಬಿಸಿಲಿಗೆ ಒಣಗಿ ಚಕ್ಕೆಯಾಗಿರುತ್ತದೆ, ಕೆಳಗೆ ಗಾಳಿ ಇಲ್ಲದೆ ಕಪ್ಪಗೆ ನಾರುತ್ತಿರುತ್ತದೆ. ಅಂಥ ತಿಪ್ಪೆಯಲ್ಲಿ ಈ ಚೀಲಗಳನ್ನು ಹುಡುಕಿ ನೋಡಿದ್ದೇನೆ. ತೆಳುವಾದ ಹೊಟ್ಟೆಯ ಭಾಗ ಜಾಳುಜಾಳಾಗಿ ಕೈಗೆ ಅಂಟುತ್ತದೆ. ಹಿಡಿಕೆ, ಗಂಟು ಹಾಕಿದ ಜಾಗ, ತಳದ ಬೆಸುಗೆ, ಅಂದರೆ ಎಲ್ಲಿ ದಪ್ಪ ಇದೆಯೋ ಅಲ್ಲೆಲ್ಲಾ ಹಸಿರು ಬಣ್ಣ ಕೂಡ ಮಾಸಿರುವುದಿಲ್ಲ. ಪಿಎಲ್‌ಎ ಕಪ್ಪಂತೂ ತೊಳೆದಿಟ್ಟ ಹಾಗೆ ಇರುತ್ತದೆ. ಬಿಸಿ ಇಲ್ಲದಿದ್ದರೆ ಪಿಎಲ್‌ಎ ಸರಪಳಿ ಮುರಿಯುವುದೇ ಇಲ್ಲ ಅನ್ನುವಷ್ಟು ನಿಧಾನ.

ರಾಶಿ ಸರಿಯಾಗಿ ಮಾಡಿದರೆ ಮಾತು ಬೇರೆ. ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ ಒಂದೊಂದು ಮೀಟರ್ ಇರಬೇಕು. ಅದಕ್ಕಿಂತ ಸಣ್ಣದಾದರೆ ಬಿಸಿ ಒಳಗೆ ನಿಲ್ಲುವುದಿಲ್ಲ. ಅಡುಗೆ ಮನೆಯ ಹಸಿ ಕಸದ ಜೊತೆ ಕಬ್ಬಿನ ರವದಿ, ಒಣ ಎಲೆ, ಕಣಕಿಯ ಚೂರು ಪದರ ಪದರವಾಗಿ ಬರಬೇಕು. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ನೀರು ಬರುವಷ್ಟು ಹಸಿ. ನಮ್ಮದು ಮಳೆ ಕಡಿಮೆ ಇರುವ ಸೀಮೆ, ಆದ್ದರಿಂದ ನೀರು ಚಿಮುಕಿಸಿ ಮೇಲೆ ಗೋಣಿತಟ್ಟು ಹೊದಿಸಲೇಬೇಕು. ವಾರಕ್ಕೊಮ್ಮೆ ಮಗುಚಬೇಕು. ಇಂಥ ರಾಶಿಯೊಳಗೆ ಕಬ್ಬಿಣದ ಸಲಾಕೆ ಚುಚ್ಚಿಟ್ಟು ಹತ್ತು ನಿಮಿಷಕ್ಕೆ ತೆಗೆದರೆ ಹಿಡಿಯಲು ಆಗಬಾರದು, ಅಷ್ಟು ಸುಡಬೇಕು. ಆ ರಾಶಿಗೆ ಹಸಿರು ಚೀಲ ಚೂರು ಮಾಡಿ ಹಾಕಿ, ಕರಗುತ್ತದೆ. ದಪ್ಪನೆಯ ಪಿಎಲ್‌ಎ ಕಪ್ ಆಗಲೂ ಹಟ ಮಾಡಬಹುದು. ಇಷ್ಟು ಬಿಸಿ ಹಿತ್ತಲ ರಾಶಿಯಲ್ಲಿ ಒಂದೆರಡು ವಾರ ನಿಂತು ಇಳಿದುಬಿಡುತ್ತದೆ, ಕಪ್ಪಿಗೆ ಅಷ್ಟು ಸಾಲುವುದಿಲ್ಲ.

ಷರತ್ತು ಅಂದೆನಲ್ಲ, ಇದೇ ಅದು. ಚೀಲ ನಿಮ್ಮ ಕೈಯಿಂದ ಹೋದ ಮೇಲೆ ಇಂಥ ಒಂದು ರಾಶಿಗೆ ಸೇರುವ ದಾರಿ ಇದೆಯಾ? ಗಿರಾಕಿ ಅದನ್ನು ಗಟಾರಕ್ಕೆ ಎಸೆದರೆ ನೀವು ಕೊಟ್ಟ ಎರಡೂವರೆ ಪಟ್ಟು ದುಡ್ಡೂ ಗಟಾರಕ್ಕೇ. ರಸ್ತೆಯ ಮೇಲೆ ಬಿದ್ದರೆ ದನ ತಿನ್ನುತ್ತದೆ. ದನದ ಹೊಟ್ಟೆಯ ಬಿಸಿ ಸುಮಾರು 39 ಡಿಗ್ರಿ. ಅಲ್ಲಿ ಇದು ಕರಗೀತು ಅಂತ ನಂಬಿ ಕೂರಬೇಡಿ. ಗುಜರಿಯವರಿಗೆ ಕೊಟ್ಟರೂ ತೊಂದರೆಯೇ. ಪಿಎಲ್‌ಎ ಕಪ್ಪೂ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕೂ ನೋಡಲು ಒಂದೇ ಥರ, ಎರಡೂ ನೀರಲ್ಲಿ ಮುಳುಗುತ್ತವೆ. ಬೆರೆತರೆ ಬೇರೆ ಮಾಡುವುದು ಕಷ್ಟ, ಮರುಬಳಕೆಯ ಮಾಲು ಹಾಳಾಗುತ್ತದೆ.

ಹಾಗಾಗಿ ನಿಮಗೆ ನಾನು ಹೇಳುವ ಒಳ್ಳೆಯ ಉಪಯೋಗ ಬೇರೆಯೇ ಇದೆ. ಆ ಚೀಲವನ್ನು ಗಿರಾಕಿಗೆ ಕೊಡುವುದರ ಬದಲು ನಿಮ್ಮ ಅಡುಗೆ ಮನೆಯ ಹಸಿ ಕಸದ ಡಬ್ಬಿಗೆ ಹೊದಿಸಿ. ಬದನೆಕಾಯಿ ತೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಎಲೆಯಲ್ಲಿ ಉಳಿದ ಅನ್ನ ಎಲ್ಲಾ ಅದರೊಳಗೇ ಬೀಳಲಿ. ಸಂಜೆ ಚೀಲದ ಸಮೇತ ರಾಶಿಗೆ ಹೋಗಲಿ. ಕೈ ಹೊಲಸಾಗುವುದಿಲ್ಲ, ಚೀಲವನ್ನು ಕಸದಿಂದ ಬೇರೆ ಮಾಡುವ ರಗಳೆ ಇಲ್ಲ. ಕಾಂಪೋಸ್ಟೇಬಲ್ ಚೀಲ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇಲ್ಲಿ. ಜಗತ್ತಿನ ಬಹಳ ಊರುಗಳಲ್ಲಿ ಅದು ಮೊದಲು ನೆಲೆ ನಿಂತದ್ದೂ ಹಸಿ ಕಸದ ಡಬ್ಬಿಯಲ್ಲೇ.

ನಿಮ್ಮ ಪಾರ್ಸೆಲ್ಲಿನ ಒಂದೊಂದೇ ತಿನಿಸು ನೋಡೋಣ.

ಬಿಸಿ ರೊಟ್ಟಿಯನ್ನು ಯಾವ ಪ್ಲಾಸ್ಟಿಕ್‌ನಲ್ಲಿ ಸುತ್ತಿದರೂ ಉಗಿಗೆ ಬೆವೆತು ಹಸಿಯಾಗುತ್ತದೆ. ಅಚ್ಚು ಇಲ್ಲದ ಬಿಳಿ ಕಾಗದವೋ ಬಟ್ಟೆಯೋ ಸಾಕು. ಕಟಕ ರೊಟ್ಟಿಗಾದರೆ ಗಾಳಿ ಆಡದ ಚೀಲ ಬೇಕು. ಎಣ್ಣೆಗಾಯಿ, ಕಾಳುಪಲ್ಯಕ್ಕೆ ಕಬ್ಬಿನ ಸಿಪ್ಪೆಯ ಡಬ್ಬಿ ಚೆನ್ನ. ಕಾರ್ಖಾನೆಯವರು ಬಗ್ಯಾಸ್ ಅನ್ನುತ್ತಾರಲ್ಲ, ಅದನ್ನೇ ಅರೆದು ಅಚ್ಚಿಗೆ ಒತ್ತಿ ಮಾಡಿದ್ದು. ನಿಜ ಹೇಳಬೇಕೆಂದರೆ ಅದು ಪ್ಲಾಸ್ಟಿಕ್ಕೇ ಅಲ್ಲ, ದಪ್ಪ ಕಾಗದ. ಬಿಸಿ ತಡೆಯುತ್ತದೆ, ಸಾದಾ ತಿಪ್ಪೆಯಲ್ಲೂ ಕೊಳೆಯುತ್ತದೆ. ಎಣ್ಣೆ ತುಸು ಹೊತ್ತಿನ ಮೇಲೆ ತಳದಲ್ಲಿ ಜಿನುಗಬಹುದು. ಎಣ್ಣೆ ಹೀರಬಾರದು ಅಂತ ಕೆಲವು ಕಡೆ ಫ್ಲೋರಿನ್ ಇರುವ ರಾಸಾಯನಿಕ ಸೇರಿಸುತ್ತಾರೆ, ಪಿಎಫ್ಎಎಸ್ ಅಂತ. ಅದು ಮಣ್ಣಲ್ಲೂ ಮೈಯಲ್ಲೂ ಬೇಗ ಹೋಗುವುದಿಲ್ಲ. ಇಲ್ಲದ್ದು ಕೊಡಿ ಅಂತ ಕೇಳಿ, ಬರೆದುಕೊಡಿ ಅನ್ನಿ.

ಶೇಂಗಾ ಹಿಂಡಿಯ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಅದಕ್ಕೆ ಹವೆಯ ತೇವ ಶತ್ರು. ಪಿಎಲ್‌ಎ, ಪಿಬಿಎಟಿ ಎರಡೂ ಪಾಲಿಥಿನ್‌ಗಿಂತ ಹಲವು ಪಟ್ಟು ಜಾಸ್ತಿ ನೀರಿನ ಆವಿ ಒಳಗೆ ಬಿಡುತ್ತವೆ. ಮಳೆಗಾಲದಲ್ಲಿ ಆ ಚೀಲದಲ್ಲಿಟ್ಟ ಹಿಂಡಿ ಬೇಗ ಉಂಡೆಗಟ್ಟುತ್ತದೆ, ಮುಗ್ಗು ವಾಸನೆ ಬರುತ್ತದೆ. ತಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರದವರೂ ಇದನ್ನೇ ಕೇಳುತ್ತಿರುತ್ತಾರೆ, ಅವರಿಗೂ ಇದೇ ಉತ್ತರ. ತಿಂಗಳುಗಟ್ಟಲೆ ಇಡುವ ಒಣ ಪದಾರ್ಥಕ್ಕೆ ಈಗಿನ ಸಾದಾ ಕಾಂಪೋಸ್ಟೇಬಲ್ ಚೀಲ ಆಗದು. ಗಾಜಿನ ಬಾಟಲಿ, ದಪ್ಪ ಪ್ಲಾಸ್ಟಿಕ್ ಪೌಚ್ ಇರಲಿ. ತಿನಿಸು ಕೆಟ್ಟು ತಿಪ್ಪೆಗೆ ಹೋದರೆ ಅದನ್ನು ಬೆಳೆದ ನೀರು, ಗೊಬ್ಬರ, ಡೀಸೆಲ್ ಎಲ್ಲವೂ ಹೋದ ಹಾಗೆ.

ಮೊಸರಿಗೆ ಗಿರಾಕಿಯೇ ಡಬ್ಬಿ ತರಲಿ. ದಿನಾ ಬರುವವರಿಗೆ ಸ್ಟೀಲ್ ಡಬ್ಬಿ ತಂದರೆ ಎರಡು ರೂಪಾಯಿ ಕಡಿಮೆ ಅಂತ ಬೋರ್ಡ್ ಹಾಕಿ ನೋಡಿ. ಯಾವ ಜೋಳದ ಪ್ಲಾಸ್ಟಿಕ್ಕೂ ಇದರ ಮುಂದೆ ನಿಲ್ಲುವುದಿಲ್ಲ.

ದಂಡದ ಮಾತು. ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮ 2016ರದು. 2021ರ ತಿದ್ದುಪಡಿ ಪ್ರಕಾರ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಕಪ್, ಗ್ಲಾಸು, ಚಮಚ, ಸ್ಟ್ರಾ ಇವೆಲ್ಲಾ ಬಂದ್. ಅದೇ ವರ್ಷದ ಕೊನೆಯ ದಿನದಿಂದ ಕೈಚೀಲ 120 ಮೈಕ್ರಾನ್‌ಗಿಂತ ತೆಳುವಾಗಿರುವಂತಿಲ್ಲ. ಕಾಂಪೋಸ್ಟೇಬಲ್ ಪ್ಲಾಸ್ಟಿಕ್‌ಗೆ ಈ ಎರಡರಿಂದಲೂ ವಿನಾಯಿತಿ ಇದೆ. ಅಷ್ಟರ ಮಟ್ಟಿಗೆ ಸೇಲ್ಸ್‌ನವರು ಹೇಳಿದ್ದು ಸರಿ. ಆದರೆ ಸುಮ್ನೆ ಹಸಿರು ಬಣ್ಣ ಇದ್ದರೆ ವಿನಾಯಿತಿ ಸಿಗುವುದಿಲ್ಲ. ಮಾಡುವವರೂ ಮಾರುವವರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಪಡೆದಿರಬೇಕು. ಚೀಲದ ಮೇಲೆ ಕಾಂಪೋಸ್ಟೇಬಲ್ ಅನ್ನುವ ಮಾತು, ತಯಾರಕರ ಹೆಸರು, ಸರ್ಟಿಫಿಕೇಟ್ ನಂಬರ್ ಇರಬೇಕು. ಬಯೋ, ಇಕೋ, ನೇಚರ್ ಅಂತ ಬರೆದು ಎಲೆಯ ಚಿತ್ರ ಹಾಕಿದ್ದಕ್ಕೆ ಬೆಲೆ ಇಲ್ಲ. ಸರ್ಟಿಫಿಕೇಟ್‌ನ ಪ್ರತಿ ತೆಗೆದುಕೊಂಡು, ದುಡ್ಡು ಕೊಡುವ ಮೊದಲೇ ನಿಮ್ಮ ನಗರಸಭೆಯ ಆರೋಗ್ಯ ಶಾಖೆಯವರಿಗೆ ತೋರಿಸಿ. ರಾಜ್ಯದಲ್ಲೂ 2016ರಿಂದ ಪ್ಲಾಸ್ಟಿಕ್ ಕೈಚೀಲದ ನಿಷೇಧ ಇದೆ, ಸ್ಥಳೀಯ ಅಧಿಕಾರಿಗಳು ನೋಡುವುದು ಅದನ್ನೂ.

ಚೀಲ ಅಸಲಿಯೋ ನಕಲಿಯೋ ಅಂತ ಮನೆಯಲ್ಲಿ ಪಕ್ಕಾ ಹೇಳಲು ಬರುವುದಿಲ್ಲ. ಲ್ಯಾಬಿನವರಾದರೆ ಡೈಕ್ಲೋರೋಮೀಥೇನ್ ಅನ್ನುವ ದ್ರಾವಣದಲ್ಲಿ ಅದ್ದುತ್ತಾರೆ. ಪಿಎಲ್‌ಎ, ಪಿಬಿಎಟಿ ಅದರಲ್ಲಿ ಕರಗುತ್ತವೆ, ಪಾಲಿಥಿನ್ ಹಾಗೇ ತೇಲುತ್ತದೆ. ಆ ದ್ರಾವಣದ ಹೊಗೆ ಒಳ್ಳೆಯದಲ್ಲ, ಅಡುಗೆ ಮನೆಗೆ ತರುವಂಥದ್ದಲ್ಲ. ನಿಮ್ಮ ಕೈಗೆ ಮಾತ್ರ ಒಂದಿಷ್ಟು ಸುಳಿವು ಸಿಗುತ್ತದೆ. ಅಸಲಿ ಚೀಲ ಮುಟ್ಟಿದರೆ ಬೂದಿ ಸವರಿದಂತೆ ನಯ, ಹಿಚುಕಿದರೆ ಸಾದಾ ಚೀಲದಷ್ಟು ಚರಚರ ಅನ್ನುವುದಿಲ್ಲ.

ಇಲ್ಲಿಯವರೆಗೆ ಬರೀ ಬಿಸಾಡುವ ಸಾಮಾನಿನ ಮಾತಾಯಿತು. ನನ್ನ ಅಭಿಪ್ರಾಯ ಕೇಳಿದರೆ ಬೆಳೆಯಿಂದ ಮಾಡಿದ ಪ್ಲಾಸ್ಟಿಕ್‌ಗೆ ಹೆಚ್ಚು ಮರ್ಯಾದೆ ಇರುವುದು ಬಿಸಾಡದ ಸಾಮಾನಿನಲ್ಲಿ. ಅಲ್ಲಿ ಕರಗುವ ಮಾತೇ ಬೇಡ, ಗಟ್ಟಿಯಾಗಿ ಹತ್ತು ವರ್ಷ ಬಾಳಿದರೆ ಸಾಕು.

ನೀವು ಓದುವ ಕನ್ನಡಕದ ಫ್ರೇಮು ಅಸಿಟೇಟ್‌ನದಾಗಿದ್ದರೆ ಅದು ಮರದ ತಿರುಳು ಅಥವಾ ಹತ್ತಿಯ ಗಿಡ್ಡ ಎಳೆಯ ಸೆಲ್ಯುಲೋಸ್‌ನಿಂದ ಬಂದದ್ದು. ಹಲ್ಲುಜ್ಜುವ ಕೆಲವು ಬ್ರಷ್ಷಿನ ಕೂದಲಿಗೆ, ಲಾರಿಯ ಏರ್ ಬ್ರೇಕ್ ಪೈಪಿಗೆ ಬಳಸುವ ಕೆಲವು ನೈಲಾನ್ ಔಡಲದ ಎಣ್ಣೆಯಿಂದ ಆಗುತ್ತವೆ. ಔಡಲ ಅತಿ ಹೆಚ್ಚು ಬೆಳೆಯುವ ದೇಶ ನಮ್ಮದೇ, ಅದರಲ್ಲೂ ಗುಜರಾತ್. ನಮ್ಮ ಕಡೆ ಹೊಲದ ಬದುವಿನಲ್ಲಿ ನಾಲ್ಕು ಗಿಡ ಹಾಕಿ ಬಾಣಂತಿಗೆ, ಬಂಡಿಯ ಅಚ್ಚಿಗೆ ಎಣ್ಣೆ ಅಂತ ಬಿಟ್ಟಿದ್ದೇವೆ. ಆಟಿಕೆ ಮಾಡುವ ಲೆಗೋ ಕಂಪನಿ 2018ರಲ್ಲಿ ತನ್ನ ಗಿಡ ಮರದ ತುಣುಕುಗಳನ್ನು ಕಬ್ಬಿನ ಪಾಲಿಥಿನ್‌ನಿಂದ ಮಾಡಲು ಶುರು ಮಾಡಿತು. ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿನ ಹುಡುಗರನ್ನು ಕೇಳಿ, ಥ್ರೀಡಿ ಪ್ರಿಂಟರ್‌ಗೆ ಹಾಕುವ ದಾರದ ಸುರುಳಿ ಹೆಚ್ಚಾಗಿ ಪಿಎಲ್‌ಎಯೇ. ಕಡಿಮೆ ಬಿಸಿಗೇ ಕರಗುತ್ತದೆ, ತಣ್ಣಗಾದಾಗ ಸೊಟ್ಟಗಾಗುವುದು ಕಡಿಮೆ, ವಾಸನೆಯೂ ಅಷ್ಟಿಲ್ಲ. ಚಹಾದ ಕಪ್ಪಿಗೆ ದೋಷವಾದ ಗುಣವೇ ಅಲ್ಲಿ ಅನುಕೂಲ.

ಆಪರೇಷನ್ ಆದವರಿಗೆ ಹೊಲಿಗೆ ಬಿಚ್ಚಬೇಕಿಲ್ಲ, ತಾನೇ ಕರಗುತ್ತದೆ ಅಂತ ಡಾಕ್ಟರು ಹೇಳುತ್ತಾರಲ್ಲ? ಅಂಥ ಕೆಲವು ದಾರ ಗ್ಲೈಕೋಲಿಕ್ ಆಮ್ಲದ್ದು, ಅದರಲ್ಲಿ ಒಂದು ಪಾಲು ಲ್ಯಾಕ್ಟಿಕ್ ಆಮ್ಲವೂ ಇರುತ್ತದೆ. ಹೆಚ್ಚಾಗಿ ಬಳಸುವ ಒಂದು ಜಾತಿಯ ದಾರ ಮೈಯೊಳಗೆ ಸುಮಾರು 56ರಿಂದ 70 ದಿನದಲ್ಲಿ ಪೂರ್ತಿ ಹೀರಿ ಹೋಗುತ್ತದೆ.

ಇವೆಲ್ಲಾ ಹೊಸ ಸಂಗತಿ ಅಂದುಕೊಳ್ಳಬೇಡಿ. ಪೆಟ್ರೋಲಿಯಂ ಬರುವ ಮೊದಲು ಪ್ಲಾಸ್ಟಿಕ್ ಅಂದರೆ ಹೆಚ್ಚಾಗಿ ಗಿಡ, ಪ್ರಾಣಿ, ಹುಳುವಿನಿಂದ ಬಂದದ್ದೇ ಇತ್ತು. ಸೆಲ್ಯುಲಾಯ್ಡ್ 1870ರ ಆಸುಪಾಸಿನದು, ಹತ್ತಿಯದು. ಹಾಲಿನ ಕೇಸೀನ್‌ನಿಂದ ಅಂಗಿಯ ಗುಂಡಿ ಮಾಡುತ್ತಿದ್ದರು. ಹಳೇ ಗ್ರಾಮಫೋನ್ ತಟ್ಟೆಯಲ್ಲಿದ್ದದ್ದು ಅರಗು. ಮಿಠಾಯಿ ಸುತ್ತುತ್ತಿದ್ದ ಸೆಲೋಫೇನ್ ಕಾಗದ ಮರದ ತಿರುಳು. ಗೋಕಾಕದ ಕರದಂಟು ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಈಗ ಆ ಹೆಸರಲ್ಲಿ ಸಿಗುವುದರಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್, ಪೆಟ್ರೋಲಿಯಂ ಪ್ಲಾಸ್ಟಿಕ್ಕು. ತಿರುಚಿ ಬಿಟ್ಟು ನೋಡಿ. ಅಸಲಿ ಸೆಲೋಫೇನ್ ತಿರುಚಿದ ಹಾಗೇ ನಿಲ್ಲುತ್ತದೆ, ಸುಟ್ಟರೆ ಕಾಗದದ ವಾಸನೆ.

ಹೊಲದಲ್ಲೂ ಒಂದು ಜಾಗ ಇದೆ. ಟೊಮೆಟೊ, ಮೆಣಸಿನಕಾಯಿ, ಕಲ್ಲಂಗಡಿಗೆ ಸಾಲಿನ ಮೇಲೆ ಹಾಸುವ ಮಲ್ಚಿಂಗ್ ಹಾಳೆ. 25-30 ಮೈಕ್ರಾನ್‌ನ ಪಾಲಿಥಿನ್, ಬೆಳೆ ಮುಗಿದ ಮೇಲೆ ಪೂರ್ತಿ ಎಳೆದು ತೆಗೆಯಲು ಆಗುವುದೇ ಇಲ್ಲ, ಅರ್ಧ ಹರಿದು ಮಣ್ಣಲ್ಲೇ ಉಳಿಯುತ್ತದೆ. ಮಣ್ಣಲ್ಲೇ ಕೊಳೆಯುವ ಮಲ್ಚಿಂಗ್ ಹಾಳೆಗೆ ಬೇರೆಯೇ ಮಾನದಂಡ ಇದೆ, ಯುರೋಪಿನ ಇಎನ್ 17033. ಎರಡು ವರ್ಷದೊಳಗೆ 90 ಪರ್ಸೆಂಟ್ ಹೋಗಬೇಕು, ಅದೂ ಸಾದಾ ಮಣ್ಣಿನ ಬಿಸಿಯಲ್ಲಿ. ಮರಳಿ ಆರಿಸಲು ಆಗದ ಜಾಗದಲ್ಲಿ ಕರಗುವ ಪ್ಲಾಸ್ಟಿಕ್ ಹಾಕುವುದಕ್ಕೆ ಅರ್ಥ ಇದೆ, ಅಲ್ವಾ? ಡ್ರಿಪ್ ಪೈಪಿಗೆ ಅದೇ ಹಾಕಿದರೆ ಹುಚ್ಚುತನ.

ಇನ್ನು ಮಗಳ ಪ್ರಶ್ನೆ.

ತಂತ್ರಜ್ಞಾನದ ಅಡ್ಡಿ ಇಲ್ಲ. ಎಥನಾಲ್‌ನಿಂದ ನೀರು ತೆಗೆದರೆ ಎಥಿಲೀನ್, ಅದನ್ನು ಸರಪಳಿ ಮಾಡಿದರೆ ಪಾಲಿಥಿನ್. ನಮ್ಮ ದೇಶದಲ್ಲೇ ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕೋಲ್ಸ್ ಕಂಪನಿ ಕಾಕಂಬಿಯ ಎಥನಾಲ್‌ನಿಂದ ಗ್ಲೈಕೋಲ್ ಮಾಡುತ್ತಾ ಬಂದಿದೆ, ಅದು ಪೆಟ್ ಬಾಟಲಿಯ ಕಚ್ಚಾ ಮಾಲು. ಪಿಎಲ್‌ಎಗೂ ಕೈ ಹಾಕಿದ್ದಾರೆ. ಉತ್ತರ ಪ್ರದೇಶದ ಬಲರಾಮಪುರ ಚೀನಿ ಮಿಲ್ಸ್ 2024ರಲ್ಲಿ ಕುಂಭಿಯ ತನ್ನ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ ಪಿಎಲ್‌ಎ ಕಾರ್ಖಾನೆ ಹಾಕುವುದಾಗಿ ಹೇಳಿತು.

ಅಡ್ಡಿ ಇರುವುದು ಲೆಕ್ಕದಲ್ಲಿ. ಒಂದು ಟನ್ ಕಬ್ಬಿನ ರಸವನ್ನು ನೇರ ಹುದುಗಿಸಿದರೆ 70 ಲೀಟರ್‌ಗೆ ತುಸು ಮೇಲೆ ಎಥನಾಲ್ ಬರುತ್ತದೆ. ಒಂದು ಕೆಜಿ ಪಾಲಿಥಿನ್‌ಗೆ ಹತ್ತಿರ ಹತ್ತಿರ ಎರಡೂಕಾಲು ಲೀಟರ್ ಬೇಕು. ಅಂದರೆ ಟನ್ ಕಬ್ಬಿಗೆ ಮೂವತ್ತು ಚಿಲ್ಲರೆ ಕೆಜಿ ಪಾಲಿಥಿನ್. ಸಕ್ಕರೆ ತೆಗೆದು ಉಳಿದ ಕೊನೆಯ ಕಾಕಂಬಿಯಿಂದ ಮಾಡಿದರೆ ಐದು ಕೆಜಿ ಆದರೆ ಹೆಚ್ಚು. ಆ ಎಥನಾಲ್‌ಗೆ ಪೆಟ್ರೋಲ್‌ಗೆ ಬೆರೆಸುವ ತೈಲ ಕಂಪನಿಗಳು ಬಾಗಿಲಲ್ಲೇ ಟ್ಯಾಂಕರ್ ನಿಲ್ಲಿಸಿಕೊಂಡಿವೆ. ಕಾರ್ಖಾನೆಯವರು ಅದನ್ನು ಬಿಟ್ಟು ಪ್ಲಾಸ್ಟಿಕ್ ಯಾಕೆ ಮಾಡಿಯಾರು?

ಪಿಎಲ್‌ಎಯದೂ ಹಾಗೇ. ಕೆಜಿಗೆ 1.6 ಕೆಜಿ ಸಕ್ಕರೆ ಅಂದೆ. 2019ರಲ್ಲಿ ಸರ್ಕಾರ ಸಕ್ಕರೆಗೆ ನಿಗದಿ ಮಾಡಿದ ಕನಿಷ್ಠ ಮಾರಾಟ ದರ ಕೆಜಿಗೆ 31 ರೂಪಾಯಿ. ಆ ದರದಲ್ಲೇ ಹಿಡಿದರೂ ಬರೀ ಸಕ್ಕರೆಗೇ ಸುಮಾರು 50 ರೂಪಾಯಿ ಆಯಿತು. ಹುದುಗಿಸುವುದು, ಶುದ್ಧ ಮಾಡುವುದು, ಕರೆಂಟು ಬೇರೆ. ನಿಮಗೆ ಎರಡೂವರೆ ಪಟ್ಟು ದರ ಹೇಳಿದ್ದರ ಹಿಂದೆ ಇದೂ ಇದೆ. ಜಗತ್ತಿನಲ್ಲಿ ವರ್ಷಕ್ಕೆ ಆಗುವ 40 ಕೋಟಿ ಟನ್‌ಗೂ ಮಿಕ್ಕ ಪ್ಲಾಸ್ಟಿಕ್‌ನಲ್ಲಿ ಜೈವಿಕ ಪ್ಲಾಸ್ಟಿಕ್ಕಿನ ಪಾಲು ಇನ್ನೂ ಅರ್ಧ ಪರ್ಸೆಂಟ್‌ನ ಆಸುಪಾಸಿನಲ್ಲೇ ಇರುವುದೂ ಇದಕ್ಕೇ.

ನೀರಿನ ಮಾತನ್ನು ನಾನು ಹೇಳಬೇಕಿಲ್ಲ. ಕೃಷ್ಣೆಯ ದಂಡೆಯಲ್ಲಿ ಇರುವವರು ನೀವು. ಬಿಸಾಡುವ ಕಪ್ಪಿಗಾಗಿ ಇನ್ನಷ್ಟು ಕಬ್ಬು ಹಚ್ಚುವುದು ನನಗಂತೂ ಒಪ್ಪುವುದಿಲ್ಲ. ಬಗ್ಯಾಸ್, ರವದಿ, ಗೋವಿನಜೋಳದ ದಂಟು ಇಂಥ ಉಳಿಕೆಯಿಂದ ಸಕ್ಕರೆ ತೆಗೆದು ಪ್ಲಾಸ್ಟಿಕ್ ಮಾಡುವುದಾದರೆ ಅದು ಬೇರೆ ಮಾತು. ಅದು ಇನ್ನೂ ದುಬಾರಿ. ಬಗ್ಯಾಸ್ ಕೂಡ ಸುಮ್ನೆ ಬಿದ್ದಿಲ್ಲ, ಕಾರ್ಖಾನೆಗಳು ಅದನ್ನು ಉರಿಸಿ ಕರೆಂಟು ಮಾಡಿ ಮಾರುತ್ತಿವೆ.

ಮಗಳಿಗೆ ಇದರಲ್ಲಿ ಆಸಕ್ತಿ ಇದ್ದರೆ ದಾರಿಗಳಿವೆ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಸಕ್ಕರೆ ಮತ್ತು ಎಥನಾಲ್ ತಂತ್ರಜ್ಞಾನದ ಬಗ್ಗೆ ವಿಚಾರಿಸಲು ಹತ್ತಿರದ ಜಾಗ ಅದು. ಪ್ಲಾಸ್ಟಿಕ್ಕಿನ ಕೆಲಸವನ್ನೇ ಕಲಿಯಬೇಕೆಂದರೆ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಕೇಂದ್ರ ಮೈಸೂರಿನಲ್ಲಿದೆ, ಅಲ್ಲಿ ಡಿಪ್ಲೊಮಾ ಕೋರ್ಸುಗಳಿವೆ. ಪಿಯುಸಿಯಲ್ಲಿ ಕೆಮಿಸ್ಟ್ರಿ ಬಿಡದಿದ್ದರೆ ಆಯಿತು. ಹುದುಗಿಸುವ ಕಡೆ ಹೋಗುವುದಾದರೆ ಬಯಾಲಜಿಯೂ ಇರಲಿ.